ಹಮ್ಮಾಮಿನ ಗಡಿಯಾರ

ರಂಜಾನ್ ಬಂತೆಂದರೆ ಸರ್ಕಾರದ ಆದೇಶದಂತೆ ನಮ್ಮ ಸಲೆ ಊರಿನ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದೆ ಸರಿಯುತ್ತವೆ. ಹಾಜ್ಜಾ ರಕ್ಕೂಶಳ ಹಮ್ಮಾಮಿನ ಗಡಿಯಾರ ಮಾತ್ರ ಸರಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳ ಆ ಸಾರ್ವಜನಿಕ ಸ್ನಾನದ ಮನೆಯ ಬಾಗಿಲ ಮೇಲಿನ ದೀಪ ಹೆಂಗಸರ ಹೊತ್ತಿಗೆ ಹಸಿರು, ಸಂಜೆ ಆರಕ್ಕೆ ಗಂಡಸರಿಗೆಂದು ನೀಲಿ. ಅದನ್ನು ನಡೆಸುವ ತಂತ್ರಾಂಶ ಜಗತ್ತಿಗೆಲ್ಲ ಬಿಟ್ಟಿ ಸಿಗುವಂಥದ್ದು. ನಾನು ದುಡ್ಡು ಕೇಳುತ್ತಿದ್ದುದು ಅದನ್ನು ನೋಡಿಕೊಳ್ಳುವುದಕ್ಕೆ. ದೀಪ ಬಂದ ಮೇಲೆ ಬಾಗಿಲು ಕಾಯುವವಳನ್ನು ಬಿಡಿಸಿದ ಹಾಜ್ಜಾ, ಆಮೇಲೆ ನನ್ನನ್ನೂ ಬಿಡಿಸಿದಳು.

"ಬಿಟ್ಟಿ ಸಾಮಾನಿಗೆ ತಿಂಗಳ ಬಾಡಿಗೆನಾ, ಇಕ್ರಾಮ್? ನನ್ ತಲೆ ಮೇಲೆ ಮೆಣಸು ಅರೀಬೇಡ ಕಣೇ."

"ಭಾನುವಾರ ಗಂಟೆ ಬದಲಾಗತ್ತೆ, ಹಾಜ್ಜಾ. ನಿಮ್ ಯಂತ್ರಕ್ಕೆ ಯಾರಾದ್ರೂ ಹೇಳ್ಬೇಕು. ಇಲ್ದಿದ್ರೆ ದೀಪ ಐದಕ್ಕೇ ನೀಲಿ ಆಗತ್ತೆ."

"ಹೆದರಿಸ್ತೀಯಾ?"

ಹೆದರಿಸಿದೆ ಎಂದೇ ಇಟ್ಟುಕೊಳ್ಳಿ. ಇವಳಿಗೆ ಪುಕ್ಕಟೆ ಮಾಡಿಕೊಟ್ಟರೆ ಬೀದಿಯ ನನ್ನ ಉಳಿದ ಗಿರಾಕಿಗಳೆಲ್ಲ ದುಡ್ಡು ಕೊಡುವುದನ್ನು ನಿಲ್ಲಿಸುತ್ತಾರೆ. ನನ್ನ ಮನೆಯಲ್ಲಿ ಒಲೆ ಉರಿಯುವುದೇ ಆ ದುಡ್ಡಿನಿಂದ.

ಭಾನುವಾರ ಉಪವಾಸಕ್ಕೆ ಮುಂಚಿನ ಸ್ನಾನಕ್ಕೆಂದು ಹೆಂಗಸರೆಲ್ಲ ಬಕೆಟ್ ಹಿಡಿದು ಒಳಗೆ ಹೋದರು. ನಾನು ಎದುರಿನ ಚಹಾದಂಗಡಿಯಲ್ಲಿ ಕೂತು ಫೋನು ನೋಡಿದೆ. ಹಾಜ್ಜಾ ಈಗ ಕರೆಯುತ್ತಾಳೆ, ಇನ್ನೇನು ಕರೆಯುತ್ತಾಳೆ. ಎದ್ದೆ, ಕೂತೆ, ಮತ್ತೆ ಎದ್ದೆ. ಪುದೀನ ಚಹಾ ತಣ್ಣಗಾಯಿತು. ಐದು ಹತ್ತಿರವಾದಾಗ ನಾನೇ ಕರೆ ಮಾಡಿದೆ. ಅವಳು ಎತ್ತಲಿಲ್ಲ.

ದೀಪ ನೀಲಿಯಾಯಿತು. ಆ ಒಂದು ದಿನ ಯಾರೂ ತಮ್ಮ ಗಡಿಯಾರ ನಂಬುವುದಿಲ್ಲ, ದೀಪವನ್ನೇ ನಂಬುತ್ತಾರೆ. ಚಹಾದಂಗಡಿಯಲ್ಲಿ ಕಾಯುತ್ತಿದ್ದ ಗಂಡಸರು ಟವೆಲು ಹೆಗಲಿಗೇರಿಸಿ ಎದ್ದರು. ನಾನು ಬೀದಿ ದಾಟಿ ಓಡುವಷ್ಟರಲ್ಲಿ ಇಬ್ಬರು ಪರದೆ ಸರಿಸಿ ಒಳಹೊಕ್ಕಿದ್ದರು. ಒಳಗಿಂದ ಚೀರಾಟ ಕೇಳಿತು. ಇಬ್ಬರೂ ಮುಖ ಮುಚ್ಚಿಕೊಂಡು ಹೊರಬಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ.

ಉಳಿದವರ ಮುಂದೆ ನಿಂತಿದ್ದವನು ಬೇಕರಿಯ ಜಿಲಾಲಿ, ತಿಂಗಳು ತಪ್ಪದೆ ನನಗೆ ದುಡ್ಡು ಕೊಡುವವನು.

"ಹೀಗಾಗತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಹಾಜ್ಜಾಗೆ ಹೇಳಿದ್ದೆ. ಕೇಳಲಿಲ್ಲ."

"ನಂಗೆ ಹೇಳ್ಲಿಲ್ಲವಲ್ಲ. ನನ್ ಹೆಂಡ್ತಿ ಒಳಗಿದಾಳೆ."

ನಾನು ಒಳಗೆ ಹೋಗಿ ಗಡಿಯಾರ ಸರಿಮಾಡಿದೆ, ದೀಪ ಹಸಿರಾಯಿತು. ಗಲಾಟೆ ಕೇಳಿ ಮಹಡಿಯಿಂದ ಇಳಿದು ಬಂದ ಹಾಜ್ಜಾ ಇಡೀ ವರ್ಷದ ದುಡ್ಡನ್ನು ದಿರ್ಹಮ್ ನೋಟುಗಳಲ್ಲಿ ನನ್ನ ಮುಂದೆ ಹಿಡಿದಳು.

"ತಗೋ ಮಾರಾಯ್ತಿ. ಇನ್ಮೇಲೆ ನೀನೇ ನೋಡ್ಕೋ."

ನಾನು ಬಯಸಿದ್ದು ಅದನ್ನೇ. ತೆಗೆದುಕೊಂಡೆ. ಹೊರಗೆ ಜಿಲಾಲಿ ಹೆಂಡತಿಗಾಗಿ ಕಾಯುತ್ತ ಬಾಗಿಲಲ್ಲೇ ನಿಂತಿದ್ದ. ಹಿಂಬಾಗಿಲು ಎಲ್ಲಿದೆ ಎಂದು ಹಾಜ್ಜಾಳನ್ನು ಕೇಳಿದೆ.