ಮೇನ್ ಆಫ್ ಮಾಡುವವರು ಯಾರು?

ಹೊಲಿಗೆ ಅಕ್ಕನ ಇಸ್ತ್ರಿ ಪೆಟ್ಟಿಗೆ ಆಗಾಗ ಕೈಗೆ ಜುಮ್ ಎನ್ನಿಸುತ್ತಿತ್ತು. ಇಂಥದ್ದೊಂದು ಸಾಮಾನು ಯಾರ ಮನೆಯಲ್ಲಿಲ್ಲ ಹೇಳಿ? ಒಬ್ಬರ ಮನೆಯಲ್ಲಿ ಮಿಕ್ಸಿ, ಇನ್ನೊಬ್ಬರ ಮನೆಯಲ್ಲಿ ನೀರಿನ ಪಂಪು. “ಸ್ವಲ್ಪ ಹೊಡೆಯುತ್ತೆ, ಚಪ್ಪಲಿ ಹಾಕ್ಕೊಂಡು ಮುಟ್ಟು” ಎಂದು ಮನೆಮಂದಿಗೆ ಹೇಳಿ ಸುಮ್ಮನಾಗುತ್ತೇವೆ.

ಅಕ್ಕನಿಗೆ ಹಾಗೆ ಹೇಳಲು ಮನೆಮಂದಿ ಇರಲಿಲ್ಲ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿಲ್ಲ. ಇದ್ದದ್ದು ಎರಡೇ ಕೋಣೆ. ಮುಂದಿನದರಲ್ಲಿ ಹೊಲಿಗೆ, ಹಿಂದಿನದರಲ್ಲಿ ಅಡುಗೆ ಮತ್ತು ನಿದ್ದೆ. ಗಿರಾಕಿಗಳು ಬರುವುದು ಸಂಜೆ ನಾಲ್ಕರ ಮೇಲೆ. ಬೆಳಿಗ್ಗೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡರೆ ಅಲ್ಲಿಯವರೆಗೆ ಮಾತಾಡಲೆಂದು ಅದನ್ನು ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ವೈರಿಂಗ್ ಕೆಲಸದ ಹುಡುಗಿ ಬಂದಳು. ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್. ಸ್ಕ್ರೂಡ್ರೈವರ್ ಇಟ್ಟೂ ಇಟ್ಟೂ ಅವಳ ಪ್ಯಾಂಟಿನ ಜೇಬು ಹರಿದಿತ್ತು, ಹೊಲಿಸಿಕೊಳ್ಳಲು ತಂದಿದ್ದಳು. ಅಕ್ಕ ತೇಪೆಗೆಂದು ದಪ್ಪ ಬಟ್ಟೆಯ ತುಂಡೊಂದನ್ನು ತೇವ ಮಾಡಿ ಇಸ್ತ್ರಿ ಹಾಕಲು ಹೋದಳು. ಕೈ ತಟ್ಟನೆ ಹಿಂದಕ್ಕೆ ಬಂತು.

“ಏನಕ್ಕಾ ಅದು?”

“ಏನಿಲ್ಲ ಕಣೇ, ದಿನಾ ಇದ್ದದ್ದೇ. ಈ ಮನೇಲಿ ನನ್ನ ಮುಟ್ಟಿ ಮಾತಾಡಿಸೋದು ಇದೊಂದೇ!”

ಹೇಳಿ ಅಕ್ಕ ತಾನೇ ನಕ್ಕಳು. ಹುಡುಗಿ ನಗಲಿಲ್ಲ, ಎದ್ದು ಪ್ಲಗ್ ಕಿತ್ತು ನೋಡಿದಳು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನೇ ಇಲ್ಲ.

“ಅದು ಬೋರ್ಡಿಗೆ ಹಿಡೀತಿರಲಿಲ್ಲ, ಮುರಿದು ಹಾಕಿದೆ” ಎಂದಳು ಅಕ್ಕ.

“ಮುರಿದದ್ದು ಅರ್ಥ್ ಪಿನ್ನು ಅಕ್ಕ. ಪೆಟ್ಟಿಗೆ ಮೈಗೆ ಸೋರಿದ ಕರೆಂಟು ಭೂಮಿಗೆ ಹೋಗೋ ದಾರಿ ಅದು. ಆ ದಾರಿ ಮುಚ್ಚಿದ್ರಿ, ಈಗ ಕರೆಂಟು ನಿಮ್ಮ ಮೈಮೇಲೆ ಹಾದು ಹೋಗ್ತಿದೆ.”

ಎಕ್ಸ್‌ಟೆನ್ಷನ್ ಬೋರ್ಡಿನ ವೈರು ಅಡುಗೆ ಕೋಣೆಯಿಂದ ಹೊಸ್ತಿಲು ದಾಟಿ ಚಾಪೆಯ ಕೆಳಗೆ ಬಂದಿತ್ತು. ಹೊಲಿಗೆ ಮಷೀನಿನ ಮೋಟಾರು, ಇಸ್ತ್ರಿ, ಫ್ಯಾನು ಎಲ್ಲವೂ ಅದಕ್ಕೇ ಜೋತುಬಿದ್ದಿದ್ದವು. ಹುಡುಗಿ ಸ್ಟೂಲು ಹತ್ತಿ ಬಾಗಿಲ ಮೇಲಿನ ಫ್ಯೂಸ್ ತೆಗೆದಳು. ಒಳಗೆ ಕಡ್ಡಿಯಷ್ಟು ದಪ್ಪದ ತಾಮ್ರದ ತಂತಿ.

“ಇದನ್ನ ಯಾರು ಹಾಕಿದ್ದು?”

ಅಕ್ಕನ ಮುಖ ಗಂಭೀರವಾಯಿತು. “ಅವರು. ಶಾಲೆ ಸಮವಸ್ತ್ರ ಹೊಲಿಯೋ ಅವಸರದಲ್ಲಿ ಪದೇ ಪದೇ ಫ್ಯೂಸ್ ಹೋಗ್ತಿತ್ತು. ‘ಇನ್ನು ನಿನ್ನ ಕೆಲಸ ನಿಲ್ಲಲ್ಲ ಬಿಡು’ ಅಂತ ಹಾಕಿಕೊಟ್ರು. ಆರು ವರ್ಷ ಆಯ್ತು, ಒಂದು ದಿನ ಹೋಗಿಲ್ಲ.”

“ಅದೇ ತೊಂದರೆ ಅಕ್ಕ. ಫ್ಯೂಸು ಹೋಗಬೇಕಾದಾಗ ಹೋಗಬೇಕು. ಕಳ್ಳ ಬಂದ್ರೂ ಬೊಗಳದ ನಾಯಿ ಕಟ್ಟಿಕೊಂಡು ಏನು ಮಾಡ್ತೀರಿ? ಲೋಡು ಜಾಸ್ತಿಯಾದ್ರೆ ಈ ತಂತಿ ಕರಗಲ್ಲ, ಗೋಡೆಯೊಳಗಿನ ವೈರು ಸುಡುತ್ತೆ. ತೆಗೆಯೋಣ.”

“ಬೇಡ. ಅವರ ಕೈಯಿಂದ ಆದದ್ದು ಈ ಮನೇಲಿ ಇನ್ನು ಅದೊಂದೇ ಉಳಿದಿರೋದು. ಇರಲಿ ಬಿಡು.”

ಹುಡುಗಿ ಎಷ್ಟು ಹೇಳಿದರೂ ಅಕ್ಕ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಹುಡುಗಿ ಸ್ಟೂಲಿನಿಂದ ಇಳಿದು ಹತ್ತಿರ ಕೂತಳು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಳೆ ಹತ್ತು ಗಂಟೆಗೆ ಶಾಕ್ ಹೊಡೆದು ಕೈ ಅಂಟಿಕೊಳ್ತು ಅಂದ್ಕೊಳ್ಳಿ. ಮೇನ್ ಆಫ್ ಮಾಡೋರು ಯಾರು?”

ಅಕ್ಕ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹತ್ತಕ್ಕೆ ಬಿದ್ದರೆ ನಾಲ್ಕಕ್ಕೆ ಗೊತ್ತಾಗುತ್ತದೆ, ಅದೂ ಯಾರೋ ರವಿಕೆ ಕೇಳಿಕೊಂಡು ಬಂದಾಗ. ಈ ಲೆಕ್ಕ ಅವಳು ಜ್ವರ ಬಂದಾಗಲೆಲ್ಲ ಹಾಕಿದ್ದಳು. ಬೇರೆಯವರ ಬಾಯಲ್ಲಿ ಕೇಳಿದ್ದು ಇದೇ ಮೊದಲು.

“ಯಾರೂ ಇಲ್ಲ” ಎಂದಳು.

“ಹಾಗಿದ್ರೆ ಒಬ್ಬರನ್ನ ಇಡೋಣ” ಎಂದಳು ಹುಡುಗಿ. ಅಕ್ಕ ಹೂಂಗುಟ್ಟಿದಳು.

ಮರುದಿನ ಹುಡುಗಿ ಬಂದವಳೇ ಗೋಡೆ ಕೊರೆಯಲಿಲ್ಲ. “ಅಳತೆ ತಗೊಳ್ಳದೆ ನೀವು ರವಿಕೆ ಹೊಲೀತೀರಾ? ಅರ್ಧ ಗಂಟೆ ನಿಮ್ಮ ಪಾಡಿಗೆ ಕೆಲಸ ಮಾಡಿ” ಎಂದು ಮೂಲೆಯಲ್ಲಿ ಕೂತಳು. ಅಕ್ಕನ ಕೈ ಎಲ್ಲೆಲ್ಲಿ ಹೋಯಿತೋ ಅಲ್ಲೆಲ್ಲ ಅಕ್ಕನದೇ ಸೀಮೆಸುಣ್ಣದಿಂದ ಗೋಡೆಗೆ ಗುರುತು ಹಾಕಿದಳು. ಮಷೀನಿನ ಬಲಕ್ಕೊಂದು ಸಾಕೆಟ್ಟು. ಇಸ್ತ್ರಿ ಮೇಜಿನ ಎತ್ತರಕ್ಕೆ ದೊಡ್ಡ ಸಾಕೆಟ್ಟು, ಅದಕ್ಕೆ ದಪ್ಪ ವೈರು. ಅಡುಗೆ ಕೋಣೆಯದು ನಲ್ಲಿಯಿಂದ ದೂರ. ನೆಲದ ಮೇಲೆ ವೈರು ಹರಿದಾಡುವಂತಿಲ್ಲ. ಎಲ್ಲ ಸಾಕೆಟ್ಟಿಗೂ ಅರ್ಥ್‌ನ ಹಸಿರು ವೈರು ಬೇಕೇ ಬೇಕು.

ಹಳೆ ಫ್ಯೂಸಿನ ಜಾಗಕ್ಕೆ ಹೊಸ ಪೆಟ್ಟಿಗೆ ಬಂತು. ಅದರಲ್ಲಿ ಸಾಲಾಗಿ ಎಂಸಿಬಿಗಳು, ಅಂದರೆ ಲೋಡು ಹೆಚ್ಚಾದರೆ ತಾವೇ ಬೀಳುವ ಸ್ವಿಚ್ಚುಗಳು: ದೀಪ ಮತ್ತು ಫ್ಯಾನಿಗೆ ಒಂದು, ಸಾಕೆಟ್ಟುಗಳಿಗೆ ಒಂದು, ಇಸ್ತ್ರಿಗೇ ಒಂದು.

“ದೊಡ್ಡದೇ ಹಾಕಿಬಿಡೇ, ಪದೇ ಪದೇ ಹೋಗಲ್ಲ” ಎಂದಳು ಅಕ್ಕ.

“ಮತ್ತೆ ಅದೇ ರಾಗ! ವೈರು ಎಷ್ಟು ತಡ್ಕೊಳ್ಳುತ್ತೋ ಅದಕ್ಕೆ ತಕ್ಕ ಎಂಸಿಬಿ. ಅದು ವೈರನ್ನ ಕಾಯುತ್ತೆ. ನಿಮ್ಮನ್ನ ಕಾಯೋದು ಈ ಪಕ್ಕದ್ದು, ಆರ್‌ಸಿಸಿಬಿ, ಮೂವತ್ತು ಮಿಲಿಆಂಪಿಂದು, ಅಷ್ಟು ಸಣ್ಣ ಸೋರಿಕೆನೂ ಹಿಡಿಯುತ್ತೆ. ಕರೆಂಟು ದಾರಿ ತಪ್ಪಿ ಮೈಗೆ ಹರೀತು ಅಂದ್ರೆ ಕಣ್ಣು ಮಿಟುಕಿಸೋದ್ರೊಳಗೆ ಆಫ್ ಮಾಡುತ್ತೆ. ಒಂದಿದ್ರೆ ಇನ್ನೊಂದು ಬೇಡ ಅನ್ನೋ ಹಾಗಿಲ್ಲ. ತಿಂಗಳಿಗೊಮ್ಮೆ ಈ ಟೆಸ್ಟ್ ಗುಂಡಿ ಒತ್ತಿ, ಟಪ್ ಅಂತ ಬೀಳಬೇಕು. ಬೀಳದಿದ್ರೆ ನನಗೆ ಫೋನ್ ಮಾಡಿ.”

ಹೊರಡುವಾಗ ಅವಳು ಹಳೆಯ ತಾಮ್ರದ ತಂತಿಯನ್ನು ಅಕ್ಕನ ಅಂಗೈಯಲ್ಲಿಟ್ಟಳು. ಅಕ್ಕ ಅದನ್ನು ಸೂಜಿದಾರದ ಡಬ್ಬಿಯಲ್ಲಿ ಇಟ್ಟುಕೊಂಡಳು. “ಇಸ್ತ್ರಿ ಪೆಟ್ಟಿಗೆಗೆ ಹೊಸ ಪ್ಲಗ್ ಹಾಕಿದೀನಿ. ವೈರು ಹಳತು, ಅದನ್ನೂ ಬದಲಾಯಿಸಬೇಕು” ಎಂದಳು ಹುಡುಗಿ. ಅಕ್ಕ “ನಾಳೆ” ಎಂದಳು. ಆ ನಾಳೆ ಎರಡು ತಿಂಗಳಾದರೂ ಬರಲಿಲ್ಲ.

ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಕ್ಕ ಬಟ್ಟೆಗೆ ನೀರು ಚಿಮುಕಿಸಿ, ಒದ್ದೆ ಕೈಯಲ್ಲೇ ಇಸ್ತ್ರಿಯ ವೈರನ್ನು ಪಕ್ಕಕ್ಕೆ ಸರಿಸಿದಳು. ಸವೆದ ಜಾಗ ಬೆರಳಿಗೆ ತಾಗಿತು. ಭುಜದವರೆಗೆ ಯಾರೋ ಕೊಡಲಿಯಿಂದ ಹೊಡೆದಂತಾಯಿತು. ಮರುಕ್ಷಣವೇ ಬಾಗಿಲ ಮೇಲಿನಿಂದ ಟಪ್ ಎಂದಿತು. ಫ್ಯಾನು ನಿಂತಿತು, ಕೈ ಬಿಡಿಸಿಕೊಂಡಿತು.

ಅಕ್ಕ ನೆಲದ ಮೇಲೆ ಕುಸಿದು ಕೂತಳು. ಮನೆಯಲ್ಲಿ ಯಾರೂ ಇರಲಿಲ್ಲ, ನಾಲ್ಕು ಗಂಟೆಗೆ ಇನ್ನೂ ಐದು ಗಂಟೆ ಇತ್ತು. ಅವಳು ಬಾಗಿಲ ಮೇಲಿನ ಪೆಟ್ಟಿಗೆಯ ಕಡೆ ತಲೆಯೆತ್ತಿ, “ಬದುಕಿದೆ ಕಣೋ” ಎಂದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಸಾವರಿಸಿಕೊಂಡು ಹುಡುಗಿಗೆ ಫೋನ್ ಮಾಡಿದಳು. ಅವಳು ಓಡಿ ಬಂದು, ಅಕ್ಕನನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದು, ವೈರು ಬದಲಾಯಿಸಿದಳು. ಹೊತ್ತು ಮುಳುಗುವವರೆಗೆ ಜೊತೆಗಿದ್ದು ಹೋದಳು.

ಅವಳು ಹೋದ ಮೇಲೆ ಅಕ್ಕ ಎಂದಿನಂತೆ ಒಬ್ಬಳೇ ಉಂಡಳು. ಒಂಟಿತನಕ್ಕೆ ಯಾವ ಪೆಟ್ಟಿಗೆಯಲ್ಲೂ ಔಷಧಿಯಿಲ್ಲ ನೋಡಿ. ಆದರೆ ತಿಂಗಳ ಮೊದಲ ದಿನ ಆ ಗುಂಡಿ ಒತ್ತುವುದನ್ನು ಅವಳು ಇವತ್ತಿಗೂ ತಪ್ಪಿಸಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಬೇಡಿ. ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡಿ, ಅರ್ಥ್ ಪಿನ್ ಮುರಿಯಬೇಡಿ, ಜುಮ್ ಎನ್ನುವ ಸಾಮಾನನ್ನು ನಾಳೆಗೆ ಬಿಡಬೇಡಿ. ಮನೆಯ ವೈರಿಂಗನ್ನು ಲೈಸೆನ್ಸ್ ಇರುವವರಿಗೆ ತೋರಿಸಿ, ಎಂಸಿಬಿ, ಆರ್‌ಸಿಸಿಬಿ ಎರಡನ್ನೂ ಹಾಕಿಸಿ. ಈ ಹಾಳೆಯನ್ನು ಕೆಳಗಿಟ್ಟು ಒಮ್ಮೆ ನಿಮ್ಮ ಮನೆಯೊಳಗೆ ಕಣ್ಣಾಡಿಸಿ. ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಲ್ಲಿ ಮೇನ್ ಆಫ್ ಮಾಡುವವರು ಯಾರಿದ್ದಾರೆ?