ಮನೆ ಹಿರಿಯನ ತಪ್ಪೊಪ್ಪಿಗೆ

ಜೋಳದ ಹೊಲಕ್ಕೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲೆಂದು ಇಟ್ಟುಕೊಂಡಿದ್ದ ನಾಡಬಂದೂಕು ದೊಡ್ಡಸಿದ್ದಯ್ಯನಿಗೇ ತಿರುಗಿಬಿದ್ದಿತ್ತು. ಲೈಸೆನ್ಸಿಲ್ಲದ ಕೋವಿ, ಎರಡು ವರ್ಷದ ಜೈಲಿಗೆ ಮುಗಿಯಬಹುದಿತ್ತು. ಹಿಂದೆ ಎರಡು ಸಲ, ಸೌದೆಗೊಮ್ಮೆ ಮೊಲಕ್ಕೊಮ್ಮೆ, ಕಾಡಿನ ಕೇಸಿನಲ್ಲಿ ತಪ್ಪೊಪ್ಪಿಕೊಂಡವನು ಎಂದು ಹೇಳಿ ಕೋರ್ಟು ಐದು ವರ್ಷ ಜಡಿದಿತ್ತು. ಜಾಮೀನಿನ ಮೇಲೆ ಬಂದ ಗಂಡನನ್ನು ಕರೆದುಕೊಂಡು, ಅಪೀಲಿಗೆಂದು ಹನೂರಿನಿಂದ ಕೊಳ್ಳೇಗಾಲಕ್ಕೆ ಅಲೆದು ಅಲೆದು ಶಿವನಂಜಮ್ಮ ಹೈರಾಣಾಗಿದ್ದಳು.

"ಸೌದೆ ಕೇಸು ಹೋಗ್ಲಿ," ಎಂದರು ವಕೀಲ ಮಹದೇವಪ್ರಸಾದ್. "ಈ ಮೊಲ ಹೊಡೆದ ಕೇಸೇ ನಿಮ್ಮನ್ನ ಕೆಡವಿರೋದು. ಇಪ್ಪತ್ತೆರಡು ವರ್ಷದ ಹಿಂದೆ, ಯುಗಾದಿ ಮಾರನೇ ದಿನ ನಡೆದದ್ದು. ಅವತ್ತು ನೀವು ಕಾಡಲ್ಲಿದ್ರಾ?"

ಶಿವನಂಜಮ್ಮನಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಅವತ್ತು ಇದೇ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಗಳು ಪ್ರೇಮಾ ಹುಟ್ಟಿದ್ದಳು. ಗಂಡ ಬಾಗಿಲು ಬಿಟ್ಟು ಕದಲಿರಲಿಲ್ಲ. ಮೊಲ ಹೊಡೆದವನು ಮೈದುನ ಪ್ರಭುಸ್ವಾಮಿ. ಸರ್ಕಾರಿ ಬಸ್ ಡ್ರೈವರ್ ಕೆಲಸದ ಆರ್ಡರು ಆಗಷ್ಟೇ ಅವನ ಕೈಗೆ ಬಂದಿತ್ತು; ಕೇಸಾದರೆ ಅದು ತಪ್ಪಿಹೋಗುತ್ತಿತ್ತು. ಆ ಮನೆಯಲ್ಲಿ ಯಾರೇ ಎಡವಟ್ಟು ಮಾಡಲಿ, ಕೋರ್ಟಿನಲ್ಲಿ ಕೈಕಟ್ಟಿ ನಿಂತು "ನಾನೇ ಸಾ" ಎಂದು ದಂಡ ಕಟ್ಟಿ ಬರುವವನು ಹಿರಿಯ. ಎಂಥ ಹಾಳು ಪದ್ಧತಿಯೋ!

"ಸಾ, ಅವತ್ತು ಇವ್ರು ಆಸ್ಪತ್ರೇಲಿದ್ರು," ಎಂದಳು.

ವಕೀಲರು ಕನ್ನಡಕ ತೆಗೆದರು. "ಅದು ನಿಜವಾದ್ರೆ ಆ ಹಳೇ ಶಿಕ್ಷೆಯನ್ನೇ ಪ್ರಶ್ನೆ ಮಾಡಬಹುದು. ಈ ಕೋವಿ ಕೇಸಲ್ಲೂ ವರ್ಷ ಇಳಿಯುತ್ತೆ. ಆದ್ರೆ ಮೊಲ ಹೊಡೆದೋರು ಯಾರು ಅಂತ ಕೇಳೇ ಕೇಳ್ತಾರೆ."

ಪಕ್ಕದಲ್ಲೇ ಪ್ರಭುಸ್ವಾಮಿ ಖಾಕಿ ಅಂಗಿಯ ಗುಂಡಿ ತಿರುವುತ್ತ ಕುಳಿತಿದ್ದ. ಬೆಟ್ಟದ ತಿರುವುಗಳಲ್ಲಿ ಸಲೀಸಾಗಿ ಬಸ್ಸು ತಿರುಗಿಸುವವನಿಗೆ ಅಲ್ಲಿ ನಾಲಿಗೆ ತಿರುಗಲಿಲ್ಲ.

"ಇವ್ಳಿಗೆ ಗ್ಯಾನ ಇಲ್ಲ ಸಾ," ಎಂದ ದೊಡ್ಡಸಿದ್ದಯ್ಯ. "ಮೊಲ ಒಡ್ದೋನು ನಾನೇ."

ಶಿವನಂಜಮ್ಮನಿಗೆ ರೇಗಿಹೋಯಿತು. ಮಗಳನ್ನು ಮೊದಲು ಎತ್ತಿಕೊಂಡವನು ತಾನೇ ಎಂದು ಇವನು ಊರಿಗೆಲ್ಲ ಸಾರಿಕೊಂಡು ಬಂದವನು. ಮೊನ್ನೆ ಪ್ರೇಮಾಳ ಮದುವೆಯಲ್ಲೂ ಧಾರೆ ಎರೆಯುವಾಗ ಅದನ್ನೇ ಹೇಳಿ ಅತ್ತಿದ್ದ.

"ಅಂಗಾರೆ ಯೇಳು," ಎಂದು ಅವನ ತೋಳು ಹಿಡಿದಳು. "ಪ್ರೇಮನ ಮೊದ್ಲು ಎತ್ಕಂಡೋರು ಯಾರು?"

ದೊಡ್ಡಸಿದ್ದಯ್ಯ ತಮ್ಮನ ಕಡೆ ನೋಡಿದ. ತಮ್ಮ ತಲೆ ಎತ್ತಲಿಲ್ಲ.

"ಯಾರೋ ನರ್ಸಮ್ಮ ಇರ್ಬೇಕು," ಎಂದ. "ನಾನು ಅವತ್ತು ಕಾಡಲ್ಲಿದ್ದೆ ಸಾ."

ಶಿವನಂಜಮ್ಮ ಅವನ ತೋಳು ಬಿಟ್ಟಳು.