ಹೊಲಿಗೆಗೆ ಬಿಟ್ಟ ಅರ್ಧ

"ಇನ್ನೂರ ಇಪ್ಪತ್ಮೂರು ಚಿಲ್ಲರೆ ಎಲ್ಲಿಂದ ಬಂತಮ್ಮಾ?"

ಮಗಳು ಅಮ್ಮನ ನೋಟ್‌ಬುಕ್ಕನ್ನು ಹೊಲಿಗೆ ಯಂತ್ರದ ಮೇಲಿಟ್ಟಳು. ಇಪ್ಪತ್ತು ಸೆಂಟಿಮೀಟರ್ ಬದಿಯ ಚೌಕ, ಅದರೊಳಗೆ ಏಳು ಸೆಂಟಿಮೀಟರ್ ತ್ರಿಜ್ಯದ ವೃತ್ತ. ವೃತ್ತದ ಹೊರಗೆ ಗೆರೆ ಎಳೆದು ಕಪ್ಪು ಮಾಡಿದ ಭಾಗದ ವಿಸ್ತೀರ್ಣ ಎಷ್ಟು? ಪುಸ್ತಕದ ಕೊನೆಯಲ್ಲಿದ್ದ ಉತ್ತರ ಇನ್ನೂರ ನಲವತ್ತಾರು.

ಅಮ್ಮ ಟೈಲರ್. ಗಣಿತವೆಂದರೆ ಅವಳಿಗೆ ಕಬ್ಬಿಣದ ಕಡಲೆ. ಹತ್ತನೇ ತರಗತಿಯಲ್ಲಿ ಅದೊಂದೇ ವಿಷಯ ಅವಳನ್ನು ಎರಡು ಸಲ ಕೆಡವಿತ್ತು. ಈಗ ಹೊಲಿಗೆ ತರಬೇತಿ ಕೇಂದ್ರದವರು ಕಲಿಸಲು ಬನ್ನಿ ಎಂದು ಕರೆದಿದ್ದರು. ಇಪ್ಪತ್ತು ವರ್ಷ ಕತ್ತರಿ ಹಿಡಿದದ್ದು ಸಾಲದು, ಹತ್ತನೇ ತರಗತಿ ಪಾಸಾಗಿರಲೇಬೇಕಂತೆ. ಪರೀಕ್ಷೆ ನಾಳೆ ಬೆಳಿಗ್ಗೆ.

ಸೂತ್ರ ಸರಿಯಿತ್ತು, ಗುಣಾಕಾರ ಸರಿಯಿತ್ತು. ತ್ರಿಜ್ಯ ಮಾತ್ರ ಏಳೂವರೆ ಆಗಿತ್ತು.

"ಅರ್ಧ ಯಾಕೆ ಸೇರಿಸ್ದೆ?"

"ಸುತ್ತ ಮಡಿಚಿ ಹೊಲಿಯೋಕೆ ಬಟ್ಟೆ ಬೇಡವೇನೇ?"

ಮಗಳು ಹಣೆ ಚಚ್ಚಿಕೊಂಡಳು. "ಅಮ್ಮಾ, ಗಣಿತದಲ್ಲಿ ಯಾರೂ ಹೊಲಿಯಲ್ಲ!"

"ಹೊಲಿಯದಿದ್ದ ಮೇಲೆ ಅಷ್ಟು ದುಂಡಗೆ ಅಳತೆ ತೆಗೆಯೋದು ಯಾಕೆ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಅದೇ ಬಗೆಯ ಲೆಕ್ಕ ಬಂದಿತ್ತು, ನಾಲ್ಕು ಅಂಕಕ್ಕೆ. ತ್ರಿಜ್ಯ ಹದಿನಾಲ್ಕು. ಅವಳ ಕೈ ತನ್ನ ಪಾಡಿಗೆ ಹದಿನಾಲ್ಕೂವರೆ ಎಂದು ಬರೆದುಬಿಟ್ಟಿತು. ಮಗಳ ನಗು ನೆನಪಾಯಿತು. ಪೆನ್ನು ಒತ್ತಿ ಅರ್ಧವನ್ನು ಹೊಡೆದುಹಾಕಿದಳು. ಒಳ್ಳೆಯ ಬಟ್ಟೆಯನ್ನು ಅಳತೆ ತಪ್ಪಿ ಕತ್ತರಿಸಿದಾಗ ಆಗುವಷ್ಟೇ ಸಂಕಟವಾಯಿತು.

ಪಾಸಾದಳು. ಬೇಕಾದದ್ದಕ್ಕಿಂತ ಮೂರೇ ಅಂಕ ಹೆಚ್ಚು. ಮಗಳು ಫಲಿತಾಂಶವನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ಅಮ್ಮನಿಗಾದ ಸಂತೋಷ ಅಷ್ಟಿಷ್ಟಲ್ಲ. ಆದರೂ, "ಯಾಕೆ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯೇ" ಎಂದು ಗದರಿ, ಇನ್ನೊಂದು ಸಲ ಓದಿಸಿಕೊಂಡಳು.

ತರಬೇತಿ ಕೇಂದ್ರದಲ್ಲಿ ಮೊದಲ ದಿನ ಹನ್ನೆರಡು ಹೆಂಗಸರು ಕತ್ತರಿ ಹಿಡಿದು ಕೂತಿದ್ದರು. ಅವಳು ಕರಿಹಲಗೆಯ ಮೇಲೆ ಒಂದು ವೃತ್ತ ಬರೆದಳು.

"ಮೇಡಂ, ಇದೇ ಗೆರೆ ಮೇಲೆ ಕತ್ತರಿಸೋದಾ?" ಮುಂದಿನ ಸಾಲಿನಿಂದ ಒಬ್ಬಳು ಕೇಳಿದಳು.

"ತಡಿಯಮ್ಮಾ."

ಅವಳು ಅದರ ಸುತ್ತ, ಸ್ವಲ್ಪವೇ ಜಾಗ ಬಿಟ್ಟು, ಇನ್ನೊಂದು ವೃತ್ತ ಬರೆದಳು. ಆಮೇಲೆ ಎರಡರ ನಡುವಿನ ಆ ಸಣ್ಣ ಪಟ್ಟಿಯನ್ನು, ಎಲ್ಲೂ ಕಪ್ಪು ಉಳಿಯದ ಹಾಗೆ, ಸೀಮೆಸುಣ್ಣದಿಂದ ನಿಧಾನವಾಗಿ ತುಂಬತೊಡಗಿದಳು.